ಹೋಂವರ್ಕ್‌ಗೆ ನೆರವು: ಮೊದಲು ಪಠ್ಯಪುಸ್ತಕ, ಆಮೇಲೆ ಗ್ರಂಥಾಲಯ, ಕೊನೆಗೆ ಮೊಬೈಲ್

ಮಗು ಪ್ರಶ್ನೆ ಓದುತ್ತದೆ. ಮನೆಯಲ್ಲಿ ಯಾರೋ ಮೊಬೈಲ್ ತೆಗೆದು ಪ್ರಶ್ನೆಯನ್ನು ಇಡಿಯಾಗಿ ಟೈಪ್ ಮಾಡುತ್ತಾರೆ. ಮೊದಲು ಕಣ್ಣಿಗೆ ಬಿದ್ದ ಉತ್ತರವನ್ನು ಮಗು ನೋಟ್‌ಬುಕ್ಕಿಗೆ ಇಳಿಸುತ್ತದೆ. ಮರುದಿನ ಶಿಕ್ಷಕರು ಅದೇ ಸಾಲಿನ ಮೇಲೆ ಬೆರಳಿಟ್ಟು ಅರ್ಥ ಕೇಳಿದರೆ ಮಗು ನೆಲ ನೋಡುತ್ತದೆ.

ನಮ್ಮ ಊರಿನ ಗ್ರಂಥಾಲಯದಲ್ಲಿ ಭಾನುವಾರಗಳಂದು ಮಕ್ಕಳ ಜೊತೆ ಕುಳಿತು ಅವರ ಹೋಂವರ್ಕ್ ನೋಡುವ ರೂಢಿ ನನಗಿದೆ. ಅಲ್ಲಿಗೆ ಬರುವ ತಂದೆತಾಯಂದಿರ ದೂರು ಹೆಚ್ಚುಕಡಿಮೆ ಒಂದೇ: ಎಷ್ಟು ಹುಡುಕಿದರೂ ಸರಿಯಾದುದು ಸಿಗುವುದಿಲ್ಲ. ಸಾಮಗ್ರಿಗೆ ಇಂದು ಬರವಿಲ್ಲ. ತಪ್ಪುವುದು ಕ್ರಮ. ಕೊನೆಗೆ ತೆಗೆಯಬೇಕಾದ ಮೊಬೈಲನ್ನು ಮೊದಲು ತೆಗೆಯುತ್ತೇವೆ, ಮೊದಲು ತೆರೆಯಬೇಕಾದ ಪಠ್ಯಪುಸ್ತಕ ಚೀಲದಲ್ಲೇ ಉಳಿಯುತ್ತದೆ. ರಾಜ್ಯ ಪಠ್ಯಕ್ರಮದಲ್ಲಿ 5ರಿಂದ 10ನೇ ತರಗತಿಯವರೆಗೆ ಓದುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ದೊಡ್ಡವರು ಮೊದಲು ಒಮ್ಮೆ ಓದಿ, ನಂತರ ಮಗುವಿನ ಜೊತೆ ಕುಳಿತು ಒಂದೊಂದೇ ಹಂತ ಮಾಡಿ.

ಕೈಯಲ್ಲಿ ಏನೇನಿರಬೇಕು

ಆ ವಿಷಯದ ಪಠ್ಯಪುಸ್ತಕ, ತರಗತಿಯಲ್ಲಿ ಬರೆದುಕೊಂಡ ನೋಟ್‌ಬುಕ್, ಒಂದು ಕಚ್ಚಾ ಪುಸ್ತಕ, ಪೆನ್ಸಿಲ್, ಅಂಗೈಯಗಲದ ನಾಲ್ಕೈದು ಚೀಟಿಗಳು. ಮೊಬೈಲ್ ಇರಲಿ, ಆದರೆ ಐದನೇ ಹಂತದವರೆಗೆ ಅದು ದೊಡ್ಡವರ ಬಳಿ ಇರಲಿ. ಎರಡನೇ ಹಂತದಲ್ಲಿ ಪಠ್ಯಪುಸ್ತಕದ ಪಿಡಿಎಫ್ ಇಳಿಸಿಕೊಳ್ಳುವ ಸಣ್ಣ ಕೆಲಸವಿದೆ, ಅದನ್ನು ದೊಡ್ಡವರೇ ಮಾಡಿಕೊಡಲಿ.

ಹಂತ 1: ಪ್ರಶ್ನೆಯನ್ನು ಬಿಡಿಸಿಕೊಳ್ಳಿ

ಹೆಚ್ಚಿನ ಮಕ್ಕಳು ಎಡವುವುದು ಇಲ್ಲೇ. ಆದ್ದರಿಂದ ಇಲ್ಲಿ ಅವಸರ ಬೇಡ.

ಮೊದಲು ಪ್ರಶ್ನೆಯ ಕೊನೆಯ ಪದವನ್ನು ನೋಡಿ. ಕನ್ನಡದಲ್ಲಿ ಏನು ಮಾಡಬೇಕೆಂಬುದನ್ನು ಹೇಳುವ ಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ: ಪಟ್ಟಿಮಾಡಿ, ವಿವರಿಸಿ, ಕಾರಣ ಕೊಡಿ, ವ್ಯತ್ಯಾಸ ತಿಳಿಸಿ, ಬಿಡಿಸಿ, ಮಾಹಿತಿ ಸಂಗ್ರಹಿಸಿ. ಮಗು ಅದರ ಕೆಳಗೆ ಗೆರೆ ಎಳೆಯಲಿ. ಎಲ್ಲಿ ಹುಡುಕಬೇಕೆಂಬುದು ಆ ಒಂದು ಪದದಿಂದಲೇ ತಿಳಿಯುತ್ತದೆ. 'ಪಟ್ಟಿಮಾಡಿ', 'ಕಾರಣ ಕೊಡಿ' ಎಂದಿದ್ದರೆ ಉತ್ತರ ಬಹುತೇಕ ಪಠ್ಯಪುಸ್ತಕದ ಒಳಗೇ ಇದೆ. 'ಬಿಡಿಸಿ' ಎಂದಿದ್ದರೆ ಬೇಕಾದುದು ವಿಧಾನ, ಅದಕ್ಕೆ ಮಾದರಿ ಲೆಕ್ಕ ಅಥವಾ ವಿಡಿಯೊ ಪಾಠ ನೆರವಾಗುತ್ತದೆ. 'ಮಾಹಿತಿ ಸಂಗ್ರಹಿಸಿ' ಎಂದಿದ್ದರೆ, ಅದರಲ್ಲೂ 'ನಿಮ್ಮ ಊರಿನ', 'ನಿಮ್ಮ ಜಿಲ್ಲೆಯ' ಎಂಬ ಮಾತು ಸೇರಿದ್ದರೆ, ನೇರವಾಗಿ ಗ್ರಂಥಾಲಯಕ್ಕೆ ಹೊರಡಬಹುದು.

ಆಮೇಲೆ ವಿಷಯದ ಮುಖ್ಯ ಪದವನ್ನು ಪಠ್ಯಪುಸ್ತಕದಲ್ಲಿ ಇರುವ ಹಾಗೆಯೇ ಚೀಟಿಯಲ್ಲಿ ಬರೆಯಿಸಿ. ಒಂದು ಅಕ್ಷರ ಬದಲಾದರೂ ಹುಡುಕಾಟ ಬೇರೆ ದಾರಿ ಹಿಡಿಯುತ್ತದೆ. 10ನೇ ತರಗತಿಯ ಗಣಿತ ಪುಸ್ತಕದಲ್ಲಿರುವುದು 'ಸಮಾಂತರ ಶ್ರೇಢಿ'. ಮಕ್ಕಳು ಅದನ್ನು 'ಶ್ರೇಣಿ' ಎಂದು ಬರೆದು ಹುಡುಕುತ್ತಾರೆ, ಏನೇನೋ ಬರುತ್ತದೆ.

ಕೊನೆಯದಾಗಿ, ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. 'ನನಗೆ ಗಣಿತ ಬರುವುದಿಲ್ಲ' ಎಂಬುದು ಲೆಕ್ಕಕ್ಕಿಲ್ಲ. ಒಂದು ಉದಾಹರಣೆ ನೋಡಿ. 5, 9, 13 ಎಂದು ಸಾಗಿ 101ಕ್ಕೆ ಮುಗಿಯುವ ಶ್ರೇಢಿಯಲ್ಲಿ ಎಷ್ಟು ಪದಗಳಿವೆ ಎಂಬುದು ಪ್ರಶ್ನೆ. ಒಬ್ಬ ಹುಡುಗ 101ರಿಂದ 5 ಕಳೆದು 96 ಪಡೆದಿದ್ದ, ಸಾಮಾನ್ಯ ವ್ಯತ್ಯಾಸವಾದ 4ರಿಂದ ಭಾಗಿಸಿ 24 ಎಂದು ಬರೆದಿದ್ದ. ಪುಸ್ತಕದ ಹಿಂದಿನ ಉತ್ತರ 25. ಲೆಕ್ಕ ಪೂರ್ತಿ ತಪ್ಪಾಯಿತೆಂದು ಎಲ್ಲವನ್ನೂ ಹೊಡೆದುಹಾಕುವುದರಲ್ಲಿದ್ದ. ಚೀಟಿಯಲ್ಲಿ ಬರೆಯಲು ಹೇಳಿದಾಗ ಅವನೇ ಹೀಗೆ ಬರೆದ: 'ಭಾಗಿಸಿದ ಮೇಲೆ 1 ಏಕೆ ಕೂಡಿಸಬೇಕು?' ಈ ವಾಕ್ಯ ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ. ಐದು ಬೆರಳುಗಳ ನಡುವೆ ನಾಲ್ಕೇ ಸಂದಿಗಳಿವೆ ಎಂದು ತೋರಿಸಿದೆ, ಅಷ್ಟೇ ಸಾಕಾಯಿತು. 24 ಎಂಬುದು ಸಂದಿಗಳ ಲೆಕ್ಕ, 25 ಪದಗಳ ಲೆಕ್ಕ.

ಹಂತ 2: ಪಠ್ಯಪುಸ್ತಕವನ್ನು ಪೂರ್ತಿ ಬಳಸಿ

ಆ ಪಾಠವನ್ನು ಮೊದಲಿನಿಂದ ಓದಿಸಿ. ಪ್ರಶ್ನೆ ಇರುವ ಪುಟದಿಂದ ಹಿಂದಕ್ಕೆ ಹೋಗುವುದು ಬೇಡ. ಚಿತ್ರದ ಕೆಳಗಿನ ಬರಹ, ಚೌಕಟ್ಟಿನೊಳಗಿನ ಮಾಹಿತಿ, ಬಿಡಿಸಿ ತೋರಿಸಿದ ಮಾದರಿ ಲೆಕ್ಕಗಳನ್ನು ಮಕ್ಕಳು ಹಾರಿಸುತ್ತಾರೆ. ಉತ್ತರ ಅಡಗಿರುವುದು ಎಷ್ಟೋ ಸಲ ಅಲ್ಲೇ.

ಪುಸ್ತಕ ಹರಿದಿದ್ದರೆ ಅಥವಾ ಶಾಲೆಯಲ್ಲೇ ಉಳಿದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಎಲ್ಲ ತರಗತಿಗಳ ಪುಸ್ತಕಗಳನ್ನೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಇಲ್ಲಿ ಇನ್ನೊಂದು ಅನುಕೂಲವಿದೆ, ತುಂಬಾ ಜನ ಇದನ್ನು ಗಮನಿಸಿಲ್ಲ. ವಿಜ್ಞಾನ, ಗಣಿತದ ಕನ್ನಡ ಮಾಧ್ಯಮದ ಪುಸ್ತಕವನ್ನೂ ಅದೇ ತರಗತಿಯ ಇಂಗ್ಲಿಷ್ ಮಾಧ್ಯಮದ ಪುಸ್ತಕವನ್ನೂ ಇಳಿಸಿಕೊಂಡು ಅಕ್ಕಪಕ್ಕ ಇಡಿ. ಪಾಠ ಅದೇ, ಚಿತ್ರ ಅದೇ. ವಕ್ರೀಭವನ, ದ್ಯುತಿಸಂಶ್ಲೇಷಣೆ, ಪ್ರತ್ಯಾಮ್ಲ ಇಂಥ ಪದಗಳಿಗೆ ಇಂಗ್ಲಿಷ್‌ನಲ್ಲಿ ಏನನ್ನುತ್ತಾರೆ ಎಂಬುದು ಚಿತ್ರ ಹೊಂದಿಸಿದ ಕೂಡಲೇ ಸಿಗುತ್ತದೆ. ಚೀಟಿಯಲ್ಲಿ ಎರಡೂ ಪದಗಳನ್ನು ಬರೆದುಕೊಳ್ಳಿ, ಐದನೇ ಹಂತದಲ್ಲಿ ಬೇಕಾಗುತ್ತವೆ.

ಹಂತ 3: ಯಾವ ಗ್ರಂಥಾಲಯ, ಯಾವ ದಿನ

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ಇರುತ್ತದೆ. ಈಗ ಅದರ ಫಲಕದಲ್ಲಿ 'ಅರಿವು ಕೇಂದ್ರ' ಎಂದಿರಬಹುದು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪಟ್ಟಣಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಗರ ಕೇಂದ್ರ ಗ್ರಂಥಾಲಯ ಹಾಗೂ ಶಾಖಾ ಗ್ರಂಥಾಲಯಗಳಿವೆ. ಬೆಂಗಳೂರಿನಲ್ಲಿ ಆಳವಾದ ಪರಾಮರ್ಶನಕ್ಕೆ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯವಿದೆ.

ಅಲ್ಲೇ ಕುಳಿತು ಓದಲು ಸದಸ್ಯತ್ವ ಬೇಕಿಲ್ಲ. ಇದು ಗೊತ್ತಿಲ್ಲದೆ ಬಾಗಿಲವರೆಗೆ ಬಂದು ಹಿಂದಿರುಗಿದವರನ್ನು ನೋಡಿದ್ದೇನೆ, ಬೇಸರವಾಗುತ್ತದೆ. ಪುಸ್ತಕವನ್ನು ಮನೆಗೆ ಒಯ್ಯಬೇಕಾದರೆ ಮಾತ್ರ ಸದಸ್ಯರಾಗಬೇಕು. ನಗರದ ಗ್ರಂಥಾಲಯಗಳಲ್ಲಿ ಅರ್ಜಿ, ಭಾವಚಿತ್ರ, ವಿಳಾಸದ ದಾಖಲೆ ಮತ್ತು ಸಣ್ಣ ಠೇವಣಿ ಕೇಳುತ್ತಾರೆ.

ದಿನದ ವಿಷಯದಲ್ಲಿ ಆಗುವ ತಪ್ಪು ದೊಡ್ಡದು. ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಸಾಮಾನ್ಯವಾಗಿ ಸೋಮವಾರ. ಸರ್ಕಾರಿ ಕಚೇರಿಯಂತೆ ಭಾನುವಾರ ಮುಚ್ಚಿರುತ್ತದೆ ಎಂದುಕೊಂಡು ಜನ ಭಾನುವಾರ ಮನೆಯಲ್ಲೇ ಉಳಿಯುತ್ತಾರೆ. ಶಾಲೆಗೆ ರಜೆ ಇದ್ದು ಗ್ರಂಥಾಲಯ ತೆರೆದಿರುವ ದಿನವೇ ಅದು. ವೇಳೆ ಊರಿಂದೂರಿಗೆ ಬೇರೆಯಾಗುತ್ತದೆ, ಮಧ್ಯಾಹ್ನ ಮುಚ್ಚುವುದೂ ಉಂಟು. ಬಾಗಿಲ ಬಳಿಯ ಫಲಕವನ್ನು ಒಮ್ಮೆ ಫೋಟೊ ತೆಗೆದಿಟ್ಟುಕೊಳ್ಳಿ. ಹೋಂವರ್ಕ್ ಕೊಟ್ಟ ದಿನವೇ ಹೋಗಿ. ಒಪ್ಪಿಸುವ ಹಿಂದಿನ ಸಂಜೆ ಹೋದರೆ ಪುಸ್ತಕ ಇನ್ನೊಬ್ಬರ ಮನೆಯಲ್ಲಿರುತ್ತದೆ.

ಹಂತ 4: ಗ್ರಂಥಪಾಲಕರನ್ನು ಕೇಳಿ, ಕಪಾಟಿಗೆ ಆಮೇಲೆ ಹೋಗಿ

ಮಗು ಒಳಗೆ ಬಂದು ಸುಮ್ಮನೆ ಕಪಾಟುಗಳ ನಡುವೆ ಸುತ್ತಿ, ಕಾದಂಬರಿಗಳ ಸಾಲು ನೋಡಿ, ಏನೂ ಇಲ್ಲವೆಂದು ಹೊರಟುಬಿಡುತ್ತದೆ. ಕೇಳಲು ಸಂಕೋಚ. ಗ್ರಂಥಪಾಲಕರ ಕೆಲಸವೇ ಕೇಳಿದ್ದನ್ನು ಹುಡುಕಿಕೊಡುವುದು ಎಂದು ಮಗುವಿಗೆ ಮೊದಲೇ ಹೇಳಿ ಕಳುಹಿಸಿ. ಪಂಚಾಯಿತಿ ಗ್ರಂಥಾಲಯದಲ್ಲಿ ಅವರನ್ನು ಮೇಲ್ವಿಚಾರಕರು ಎನ್ನುತ್ತಾರೆ. ಮಾತನ್ನು ಮಗುವೇ ಆಡಲಿ, ನೀವು ಪಕ್ಕದಲ್ಲಿ ನಿಂತಿರಿ.

ಹೇಗೆ ಕೇಳಬೇಕೆಂಬುದೂ ಮುಖ್ಯ. 'ಸರ್, ಹಿಸ್ಟರಿ ಪುಸ್ತಕ ಇದೆಯಾ?' ಎಂದರೆ ಅವರು ಕೈ ತೋರಿಸಿ ಸುಮ್ಮನಾಗುತ್ತಾರೆ. ಮೂರು ವಿಷಯ ಒಟ್ಟಿಗೆ ಹೇಳಬೇಕು: ಎಷ್ಟನೇ ತರಗತಿ, ಏನು ಬೇಕು, ಯಾವ ದಿನದೊಳಗೆ ಬೇಕು. 'ಸರ್, ನಾನು ಎಂಟನೇ ತರಗತಿ. ನಮ್ಮ ತಾಲ್ಲೂಕಿನ ಒಂದು ಶಾಸನದ ಬಗ್ಗೆ ಬರೆಯಬೇಕು. ಬುಧವಾರ ಒಪ್ಪಿಸಬೇಕು.' ಇಷ್ಟು ಸಾಕು.

ಈ ಶಾಸನದ ಪ್ರಶ್ನೆ ನಾನು ಕಣ್ಣಾರೆ ಕಂಡದ್ದು. ಒಂದೇ ತರಗತಿಯ ಹಲವು ಮಕ್ಕಳು ಹಲ್ಮಿಡಿ ಶಾಸನದ ಬಗ್ಗೆಯೇ ಬರೆದು ತಂದಿದ್ದರು, ಏಕೆಂದರೆ ಮೊಬೈಲಿನಲ್ಲಿ ಮೊದಲು ಬರುವುದು ಅದೇ. ಹಲ್ಮಿಡಿ ಇರುವುದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಪ್ರಶ್ನೆ ಕೇಳಿದ್ದು ಮಕ್ಕಳ ಸ್ವಂತ ತಾಲ್ಲೂಕಿನ ಶಾಸನವನ್ನು. ಒಬ್ಬಳು ಹುಡುಗಿ ಮಾತ್ರ ಗ್ರಂಥಪಾಲಕರ ಮೇಜಿನ ಮುಂದೆ ಚೀಟಿ ಹಿಡಿದು ನಿಂತಳು. ಅವರು ಪರಾಮರ್ಶನ ವಿಭಾಗದಿಂದ ದಪ್ಪನೆಯ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟವೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದು, ಬೆನ್ನಿನ ಧೂಳು ಒರೆಸಿ, ಮೇಜಿನ ಮೇಲೆ ತೆರೆದರು. ಅದರಲ್ಲಿ ಶಾಸನಗಳನ್ನು ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ. ಊರುಗಳ ಹೆಸರಿನ ಮೇಲೆ ಬೆರಳು ಸರಿಸುತ್ತಾ ಹೋದ ಹುಡುಗಿ ಒಂದು ಕಡೆ ನಿಂತಳು. ಅವಳ ಅಜ್ಜಿಯ ಊರು. ದೇವಸ್ಥಾನದ ಪಕ್ಕದಲ್ಲಿ ತಾನು ಹತ್ತಿ ಕೂರುತ್ತಿದ್ದ ಕಲ್ಲು ಅದು ಎಂದು ಅವಳಿಗೆ ಆಗ ತಿಳಿಯಿತು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಂಥದ್ದು ಮೊಬೈಲಿನ ಮೊದಲ ಪುಟದಲ್ಲಿ ಸಿಗುವುದಿಲ್ಲ.

ಹಳೆಯ ಮೈಸೂರು ಭಾಗ ಮತ್ತು ಕೊಡಗಿಗೆ ಆ ಸಂಪುಟಗಳು. ಬಳ್ಳಾರಿ, ಕೊಪ್ಪಳದ ಕಡೆಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ಕೇಳಿ. ಊರು, ಕೆರೆ, ಬೆಳೆ, ಜಾತ್ರೆ, ಹಳೆಯ ಕಟ್ಟಡಗಳ ಬಗೆಗಿನ ಪ್ರಾಜೆಕ್ಟ್‌ಗಳಿಗೆ ಜಿಲ್ಲಾ ಗ್ಯಾಸೆಟಿಯರ್ (ಜಿಲ್ಲೆಯ ಸಮಗ್ರ ವಿವರಗಳ ಸರ್ಕಾರಿ ಗ್ರಂಥ) ಇದೆಯೇ ಎಂದು ಕೇಳಿ. ಸಾಮಾನ್ಯ ವಿಷಯಗಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳಿವೆ. ಚಿಕ್ಕ ಮಕ್ಕಳಿಗೆ ಜ್ಞಾನಗಂಗೋತ್ರಿ ಕಿರಿಯರ ವಿಶ್ವಕೋಶದ 7 ಸಂಪುಟಗಳು ಇನ್ನೂ ಸುಲಭ. ಇವುಗಳಲ್ಲಿನ ಜನಸಂಖ್ಯೆ, ಉತ್ಪಾದನೆಯಂಥ ಅಂಕಿಅಂಶ ಹಳೆಯದಾಗಿರುತ್ತದೆ. ಮೊದಲ ಪುಟದಲ್ಲಿ ಮುದ್ರಣದ ವರ್ಷ ನೋಡದೆ ಒಂದು ಅಂಕಿಯನ್ನೂ ಬರೆದುಕೊಳ್ಳಬೇಡಿ.

ಪರಾಮರ್ಶನ ವಿಭಾಗದ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ. ಅಲ್ಲೇ ಕುಳಿತು ಕಚ್ಚಾ ಪುಸ್ತಕದಲ್ಲಿ ಟಿಪ್ಪಣಿ ಮಾಡಬೇಕು. ಪುಸ್ತಕದ ಹೆಸರು, ಸಂಪುಟ, ಪುಟಸಂಖ್ಯೆಯನ್ನು ಮೊದಲು ಬರೆಯಿಸಿ, ಆಮೇಲೆ ವಿಷಯ. ಹಿಂದುಮುಂದಾದರೆ ಪುಟಸಂಖ್ಯೆ ಮರೆತೇ ಹೋಗುತ್ತದೆ.

ಮಗು ತಾನೇ ಕಪಾಟು ನೋಡುವ ಹಂತಕ್ಕೆ ಬಂದಾಗ ಪುಸ್ತಕದ ಬೆನ್ನಿನ ಸಂಖ್ಯೆಯನ್ನು ಓದಲು ಕಲಿಸಿ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ದಶಾಂಶ ಪದ್ಧತಿ ಇರುವಲ್ಲಿ 510 ಎಂದರೆ ಗಣಿತ, 530 ಭೌತವಿಜ್ಞಾನ, 540 ರಸಾಯನವಿಜ್ಞಾನ, 954 ಭಾರತದ ಇತಿಹಾಸ. ಒಂದು ಪುಸ್ತಕ ಸಿಕ್ಕರೆ ಅದರ ಎಡಬಲದಲ್ಲಿರುವುದೂ ಅದೇ ವಿಷಯದ್ದು.

ಹಂತ 5: ಈಗ ಮೊಬೈಲ್ ತೆಗೆಯಿರಿ

ಇಷ್ಟಾದ ಮೇಲೂ ಉಳಿದ ಸಂದೇಹ ಚೀಟಿಯಲ್ಲಿ ಒಂದು ವಾಕ್ಯವಾಗಿ ಇರುತ್ತದೆ. ಅದನ್ನು ಮಾತ್ರ ಹುಡುಕಿ.

ಮೊದಲ ತಾಣ ದೀಕ್ಷಾ, ಶಾಲಾ ಪಾಠಗಳ ಸರ್ಕಾರಿ ಆ್ಯಪ್. ಪಠ್ಯಪುಸ್ತಕದ ಪಾಠಗಳ ಬಳಿ ಕ್ಯೂಆರ್ ಕೋಡ್ ಇದೆಯಲ್ಲ, ಅದು ಇದಕ್ಕಾಗಿಯೇ. ದೀಕ್ಷಾ ಆ್ಯಪ್ ತೆರೆದ ಕೂಡಲೇ ಮಂಡಳಿ, ಮಾಧ್ಯಮ, ತರಗತಿ ಕೇಳುತ್ತದೆ. ಅಲ್ಲಿ ಕರ್ನಾಟಕ ರಾಜ್ಯ ಮತ್ತು ಕನ್ನಡ ಎಂದು ಆಯ್ಕೆ ಮಾಡದೆ ಮುಂದೆ ಒತ್ತುತ್ತಾ ಹೋದವರಿಗೆ ಬೇರೆ ಮಂಡಳಿಯ ಪಾಠಗಳು ಬರುತ್ತವೆ, ಆ್ಯಪ್ ಸರಿಯಿಲ್ಲವೆಂದು ಬಿಟ್ಟುಬಿಡುತ್ತಾರೆ. ಕ್ಯಾಮೆರಾ ಕೋಡನ್ನು ಹಿಡಿಯದಿದ್ದರೆ ಅದರ ಕೆಳಗೆ ಅಚ್ಚಾಗಿರುವ ಆರು ಅಕ್ಷರ-ಅಂಕಿಗಳನ್ನು ಟೈಪ್ ಮಾಡಿ. ನೋಡಲು ಲಾಗಿನ್ ಬೇಕಿಲ್ಲ. ವೈಫೈ ಇರುವಲ್ಲಿ ಇಳಿಸಿಕೊಂಡು ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು.

ಗಣಿತ, ವಿಜ್ಞಾನಕ್ಕೆ ಖಾನ್ ಅಕಾಡೆಮಿಯಲ್ಲಿ ಕನ್ನಡದ ಪಾಠಗಳಿವೆ. ನಮ್ಮ 8ರಿಂದ 10ನೇ ತರಗತಿಯ ಗಣಿತ, ವಿಜ್ಞಾನ ಪುಸ್ತಕಗಳು ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯವನ್ನು ಆಧರಿಸಿರುವುದರಿಂದ ಅಲ್ಲಿನ ಪಾಠಗಳು ಚೆನ್ನಾಗಿ ಹೊಂದುತ್ತವೆ. ಆದರೆ ಅಧ್ಯಾಯದ ಸಂಖ್ಯೆಯನ್ನು ನೆಚ್ಚಬೇಡಿ, ಹೆಸರನ್ನು ಹೊಂದಿಸಿ. ಎನ್‌ಸಿಇಆರ್‌ಟಿ ಕೆಲವು ಪಾಠಗಳನ್ನು ಕೈಬಿಟ್ಟ ಮೇಲೆ ಸಂಖ್ಯೆಗಳು ಬದಲಾಗಿವೆ. ಮಾಡಿ ನೋಡುವಂಥ ಪ್ರಯೋಗಗಳಿಗೆ, ಉದಾಹರಣೆಗೆ ವಿದ್ಯುತ್ ಮಂಡಲ ಜೋಡಿಸಿ ಬಲ್ಬು ಉರಿಸುವುದಕ್ಕೆ, ಫೆಟ್ (PhET) ಎಂಬ ತಾಣ ನನಗೆ ತುಂಬ ಇಷ್ಟ. ಕನ್ನಡದಲ್ಲೂ ಹಲವು ಪ್ರಯೋಗಗಳಿವೆ. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದ ಸಂವೇದ ಪಾಠಗಳನ್ನು ಯೂಟ್ಯೂಬ್‌ನಲ್ಲಿ ನೋಡಬಹುದು.

ಪದದ ಅರ್ಥಕ್ಕೆ ಆನ್‌ಲೈನ್‌ನಲ್ಲಿರುವ ಅಲರ್ ನಿಘಂಟು, ಇಲ್ಲವೇ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ತಾಣ. ಕನ್ನಡ ನಾಡುನುಡಿಯ ವಿಷಯಗಳಿಗೆ ಕರ್ನಾಟಕ ಸರ್ಕಾರದ ಕಣಜ ಜಾಲತಾಣ. ಕನ್ನಡ ವಿಕಿಪೀಡಿಯದಲ್ಲಿ ಲೇಖನ ಚಿಕ್ಕದಾಗಿದ್ದರೆ ಭಾಷೆಗಳ ಪಟ್ಟಿಯಿಂದ ಅದೇ ವಿಷಯದ ಇಂಗ್ಲಿಷ್ ಪುಟಕ್ಕೆ ಹೋಗಿ ಇಸವಿಗಳನ್ನು ತಾಳೆ ನೋಡಿ.

ಹುಡುಕುವಾಗ ಕನ್ನಡ ಲಿಪಿಯಲ್ಲೇ ಟೈಪ್ ಮಾಡಿ. ಟೈಪಿಂಗ್ ಕಷ್ಟವಾದರೆ ಕೀಲಿಮಣೆಯ ಮೈಕ್ ಒತ್ತಿ ಹೇಳಿ, ಆಮೇಲೆ ಕಾಗುಣಿತ ತಿದ್ದಿ. ಪ್ರಶ್ನೆಯನ್ನು ಇಡಿಯಾಗಿ ಹಾಕಬೇಡಿ, ಮುಖ್ಯ ಪದ ಮತ್ತು ತರಗತಿ ಸಾಕು. ಕನ್ನಡದಲ್ಲಿ ಸಿಗದಿದ್ದರೆ ಎರಡನೇ ಹಂತದಲ್ಲಿ ಬರೆದಿಟ್ಟ ಇಂಗ್ಲಿಷ್ ಪದ ಹಾಕಿ. ಯೂಟ್ಯೂಬ್‌ನಲ್ಲಿ 'ಪ್ರಶ್ನೋತ್ತರಗಳು' ಎಂಬ ಶೀರ್ಷಿಕೆಯ ವಿಡಿಯೊ ಬಿಟ್ಟು ಪಾಠವನ್ನು ವಿವರಿಸುವ ವಿಡಿಯೊ ಆರಿಸಿ. ಮೊದಲಿನದರಲ್ಲಿ ಮಗು ಪರದೆ ನಿಲ್ಲಿಸಿ ನಿಲ್ಲಿಸಿ ನಕಲು ಮಾಡುತ್ತದೆ, ಬೇರೇನೂ ಆಗುವುದಿಲ್ಲ.

ಹಂತ 6: ಉತ್ತರ ಕೊಡುವ ಆ್ಯಪ್ ಮತ್ತು ಎಐ

ಲೆಕ್ಕದ ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳು, ಏನು ಕೇಳಿದರೂ ಬರೆದುಕೊಡುವ ಎಐ ಸಹಾಯಕಗಳು ಮನೆಮನೆಗೆ ಬಂದಿವೆ. ಅವನ್ನು ಬಚ್ಚಿಟ್ಟು ಪ್ರಯೋಜನವಿಲ್ಲ, ಬಳಕೆಯನ್ನು ಕಟ್ಟಿಹಾಕಿ. ಮಗು ಮೊದಲು ತಾನೇ ಪ್ರಯತ್ನಿಸಿದ್ದನ್ನು ಟೈಪ್ ಮಾಡಲಿ, ಆಮೇಲೆ 'ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದೆ ಎಂದು ಮಾತ್ರ ಹೇಳು' ಎಂದು ಕೇಳಲಿ. ಬಂದ ಪ್ರತಿ ಮಾತನ್ನೂ ಪಠ್ಯಪುಸ್ತಕದ ಜೊತೆ ತಾಳೆ ನೋಡಬೇಕು. ಎಐ ಇಸವಿ, ಊರು, ಪುಸ್ತಕದ ಹೆಸರುಗಳನ್ನು ಪೂರ್ಣ ವಿಶ್ವಾಸದಿಂದ ತಪ್ಪಾಗಿ ಹೇಳುತ್ತದೆ. ಚಿಕ್ಕ ಊರುಗಳ ವಿಷಯದಲ್ಲಂತೂ ಅದನ್ನು ಕೇಳಲೇಬೇಡಿ.

ಹಂತ 7: ಎಲ್ಲ ಮುಚ್ಚಿಟ್ಟು ಬರೆಯುವುದು

ಪುಸ್ತಕ ಮುಚ್ಚಿ, ಮೊಬೈಲ್ ಇನ್ನೊಂದು ಕೋಣೆಯಲ್ಲಿಡಿ. ಮಗು ನಿಮಗೆ ಎರಡು ನಿಮಿಷ ಬಾಯಲ್ಲಿ ಹೇಳಲಿ. ತಡವರಿಸಿದ ಜಾಗವನ್ನು ಮಾತ್ರ ಮತ್ತೆ ಓದಿ, ಆಮೇಲೆ ಬರೆಯಲಿ. ವಾಕ್ಯ ಸೊಟ್ಟಗಿದ್ದರೂ ಅದರದೇ ಇರಲಿ, ನೀವು ತಿದ್ದಿ ಚಂದ ಮಾಡಬೇಡಿ. ಪ್ರಾಜೆಕ್ಟ್ ಆಗಿದ್ದರೆ ಕೊನೆಯ ಪುಟದಲ್ಲಿ ನೋಡಿದ ಪುಸ್ತಕ, ತಾಣ, ಮಾತನಾಡಿಸಿದ ಹಿರಿಯರ ವಿವರ ಬರೆಯಲಿ.

ಎಚ್ಚರಿಕೆಯ ಗುರುತುಗಳು

ಕೆಳಗಿನ ಯಾವುದಾದರೂ ಕಂಡರೆ ಅಲ್ಲೇ ನಿಲ್ಲಿ.

ನೋಟ್‌ಬುಕ್ಕಿನಲ್ಲಿ ಮಗು ಎಂದೂ ಬಳಸದ ಪದಗಳು, ಅಳತೆಯಿಟ್ಟಂಥ ವಾಕ್ಯಗಳು ಕಾಣಿಸಿದರೆ ಅದು ನಕಲು. ಒಂದೊಂದು ಪದ ತೋರಿಸಿ ಅರ್ಥ ಕೇಳಿ. ಬೈಯಬೇಡಿ. ಮತ್ತೆ ಒಂದನೇ ಹಂತದಿಂದ ಶುರುಮಾಡಿ.

ಕಂಪ್ಯೂಟರ್ ಅಂಗಡಿಯಲ್ಲಿ 'ಪ್ರಾಜೆಕ್ಟ್ ರೆಡಿ ಇದೆ' ಎಂದು ಮುದ್ರಿಸಿದ ಹಾಳೆಗಳನ್ನು ಕೊಟ್ಟರೆ ತರಬೇಡಿ. ಅದೇ ಹಾಳೆ ಪಕ್ಕದ ಬೆಂಚಿನ ಮಗುವಿಗೂ ಹೋಗಿರುತ್ತದೆ.

ಪಿಡಿಎಫ್ ಕೊಡುತ್ತೇವೆಂದು ಮೊಬೈಲ್ ಸಂಖ್ಯೆ, ಒಟಿಪಿ, ಆಧಾರ್ ಕೇಳಿದರೆ ಮುಚ್ಚಿಬಿಡಿ. ಪಠ್ಯಪುಸ್ತಕ ಎಂದಿಗೂ ಎಪಿಕೆ (ಆ್ಯಪ್ ಅಳವಡಿಸುವ) ಕಡತವಾಗಿ ಬರುವುದಿಲ್ಲ, ಅಂಥದ್ದನ್ನು ಒತ್ತಲೇಬಾರದು. ಮೊದಲ ತಿಂಗಳು ಉಚಿತ ಎಂದು ಹೇಳಿ ಬ್ಯಾಂಕ್ ವಿವರ ಕೇಳುವ ಕಲಿಕಾ ಆ್ಯಪ್‌ಗಳೂ ಬೇಡ. ಹೋಂವರ್ಕ್ ನೆರವಿನ ಹೆಸರಿನಲ್ಲಿ ಅಪರಿಚಿತರು ಮಗುವಿಗೆ ನೇರವಾಗಿ ಸಂದೇಶ ಕಳುಹಿಸಿದರೆ ಅದೇ ಗಳಿಗೆಯಲ್ಲಿ ಗುಂಪಿನಿಂದ ಹೊರಬಂದು, ಶಾಲೆಗೂ ತಿಳಿಸಿ.

ಒಂದು ಪ್ರಶ್ನೆಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕಳೆದಿದ್ದರೆ ಹುಡುಕುವ ಪದ ತಪ್ಪಾಗಿದೆ ಎಂದು ತಿಳಿಯಿರಿ. ಚೀಟಿಗೆ ಹಿಂದಿರುಗಿ.

ಹಂತ 8: ಎಲ್ಲ ಮಾಡಿಯೂ ಸಿಗದಿದ್ದರೆ

ಖಾಲಿ ಬಿಡಬೇಡಿ, ಊಹಿಸಿ ತುಂಬಿಸಲೂ ಬೇಡಿ. ಉತ್ತರದ ಜಾಗದಲ್ಲಿ ಮಗು ಮೂರು ಸಾಲು ಬರೆಯಲಿ: ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇದು, ಇಲ್ಲಿ ಇಲ್ಲಿ ಹುಡುಕಿದೆ, ಇಲ್ಲಿ ಸಿಕ್ಕಿಕೊಂಡಿದ್ದೇನೆ. ಒಂದನೇ ಹಂತದ ಚೀಟಿಯನ್ನೂ ಆ ಪುಟಕ್ಕೆ ಅಂಟಿಸಿ ಕಳುಹಿಸಿ. ತರಗತಿ ಶುರುವಾಗುವ ಮೊದಲೇ, ನೋಟ್‌ಬುಕ್ ತಿದ್ದಲು ಕೊಡುವ ಮುನ್ನ, ಶಿಕ್ಷಕರಿಗೆ ಆ ಚೀಟಿ ತೋರಿಸಲು ಮಗುವಿಗೆ ಹೇಳಿ.